ಸೀಟಿಗೆ ಮೊದಲಿನ ನಲವತ್ತೊಂದು ಪ್ರಶ್ನೆ

ನಮ್ಮ ಊರಲ್ಲಿ ಬೆಂಕಿ ನಿಲ್ಲುತ್ತದೆ. ನಂಬದವರು ನಂಬಬೇಡಿ, ನಿಮ್ಮನ್ನು ನಂಬಿಸಿ ನನಗೇನೂ ಆಗಬೇಕಾದ್ದಿಲ್ಲ. ಎಲ್ಲಿಯೇ ಹೊತ್ತಿಕೊಳ್ಳಲಿ, ಅಗ್ನಿಶಾಮಕ ಠಾಣೆಯ ಸಾಹೇಬರು ಗಾಡಿಯಿಂದ ಇಳಿದು ಆ ಜಾಗಕ್ಕೆ ಕಾಲಿಟ್ಟರೆ ಸಾಕು, ಉರಿ ಇದ್ದಲ್ಲಿಯೇ ನಿಂತುಬಿಡುತ್ತದೆ. ಮುಂದಕ್ಕೆ ಹಬ್ಬುವುದಿಲ್ಲ, ಹಿಂದಕ್ಕೂ ಸರಿಯುವುದಿಲ್ಲ. ಸಾಹೇಬರು ಕೊರಳಲ್ಲಿ ಹಾಕಿಕೊಂಡ ಸೀಟಿ ಊದಿ ಕೆಲಸ ಶುರು ಮಾಡಿಸುವ ತನಕ ಹಾಗೆಯೇ ನಿಂತಿರುತ್ತದೆ. ಸೀಟಿಯ ಸದ್ದು ಬಿದ್ದ ಮೇಲೆ ಮತ್ತೆ ಉರಿಯತೊಡಗುತ್ತದೆ. ನನ್ನ ಅಜ್ಜಿಯ ಕಾಲದಲ್ಲೂ ಹೀಗೇ ಇತ್ತಂತೆ. ಯಾಕೆ ಎಂದು ಕೇಳಿದವರಿಲ್ಲ. ಸಿಕ್ಕಿದ್ದನ್ನು ಬಳಸಿಕೊಳ್ಳುವುದರಲ್ಲಿ ನಮ್ಮ ಊರಿನವರು ಗಟ್ಟಿಗರು, ಕೇಳಿಕೊಂಡು ಕೂಡುವ ಜನ ಅಲ್ಲ.

ಹೇಗೆ ಬಳಸಿಕೊಂಡರು ಎಂಬುದನ್ನೂ ಹೇಳುತ್ತೇನೆ. ಒಂದು ಮನೆಗೆ ಬೆಂಕಿ ಬಿತ್ತು ಎನ್ನಿ. ಸಾಹೇಬರು ಬಂದರು, ಉರಿ ನಿಂತಿತು. ಆಮೇಲೆ ಮನೆಯವರಿಗೆ ಅವಸರವೇ ಇಲ್ಲ. ಕಪಾಟು, ಮಂಚ, ಉಪ್ಪಿನಕಾಯಿಯ ಭರಣಿ, ಮದುವೆಯ ಫೋಟೋ, ಒಂದೊಂದಾಗಿ ಹೊರಗೆ ತಂದಿಡುತ್ತಾರೆ. ಎದುರು ಮನೆಯವರು ಸಾಹೇಬರಿಗೆ ಕುರ್ಚಿ ಹಾಕುತ್ತಾರೆ, ಚಹಾ ಕೊಡುತ್ತಾರೆ. ಶೇಂಗಾ ಮಾರುವವನು ಬುಟ್ಟಿ ಹೊತ್ತು ಬರುತ್ತಾನೆ. ನಿಂತ ಉರಿಯಲ್ಲಿ ಬಿಸಿ ಮಾತ್ರ ಹಾಗೆಯೇ ಇರುತ್ತದೆ, ಮುಟ್ಟಿದರೆ ಸುಡುತ್ತದೆ. ಕಟ್ಟಿಗೆ ಅಡ್ಡೆಗೆ ಬೆಂಕಿ ಬಿದ್ದಾಗ ಒಬ್ಬ ಮುದುಕ ಅದಕ್ಕೇ ಬೀಡಿ ಹಚ್ಚಿಕೊಂಡು, ಕಡ್ಡಿ ಉಳಿಯಿತೆಂದು ನಕ್ಕಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆವತ್ತು ನಾನೂ ನಕ್ಕಿದ್ದೆ.

ನನ್ನ ಹೆಸರು ನೀಲಗಂಗಾ. ಅದೇ ಠಾಣೆಯಲ್ಲಿ ಹನ್ನೆರಡು ವರ್ಷದಿಂದ ಬರೆಯುವ ಕೆಲಸ. ಬೆಂಕಿ ಬಿದ್ದಲ್ಲಿಗೆ ಸಾಹೇಬರ ಜೊತೆ ಹೋಗಬೇಕು, ಫಾರ್ಮಿನ ಪ್ರಶ್ನೆಗಳನ್ನು ಗಟ್ಟಿಯಾಗಿ ಓದಬೇಕು, ಅವರು ಹೇಳಿದ ಉತ್ತರ ಬರೆದುಕೊಳ್ಳಬೇಕು. ನಲವತ್ತೊಂದು ಪ್ರಶ್ನೆ. ನಲವತ್ತೊಂದಕ್ಕೂ ಉತ್ತರ ಬಿದ್ದು, ಕೆಳಗೆ ಸಹಿ ಆದ ಮೇಲೆಯೇ ಸೀಟಿ. ಫಾರ್ಮಿನ ತಲೆಯ ಮೇಲೆ ಅಚ್ಚು ಹಾಕಿಸಿದ್ದಾರೆ: ಪ್ರಶ್ನೆಗಳಿಗೆ ಕ್ರಮವಾಗಿಯೇ ಉತ್ತರಿಸತಕ್ಕದ್ದು, ಯಾವುದನ್ನೂ ಬಿಟ್ಟು ಮುಂದಿನದಕ್ಕೆ ಹೋಗತಕ್ಕದ್ದಲ್ಲ. ನನ್ನ ಅಕ್ಷರ ದುಂಡಗಿದೆ ಎಂದು ಎಲ್ಲರೂ ಹೊಗಳುತ್ತಾರೆ. ಆ ಹೊಗಳಿಕೆಗೆ ಬೆಂಕಿ ಹಾಕ.

ಫಾರ್ಮು ಸುಮ್ಮನೆ ಹುಟ್ಟಿದ್ದಲ್ಲ, ಅದನ್ನೂ ಹೇಳಬೇಕು. ಹಿಂದೆ ಯಲಗೂರಪ್ಪ ಎಂಬ ಸಾಹೇಬರಿದ್ದರು. ಅವರ ಹತ್ತಿರ ಕಾಗದವೇ ಇರಲಿಲ್ಲ, ಮೂರು ಬೆರಳಿದ್ದವು. ಏನಾಗಿದೆ, ಏನಾಗಬೇಕು, ಹೇಗೆ ಮಾಡುವುದು. ಮೂರು ಬೆರಳು ಮಡಚುವುದು, ಸೀಟಿ ಊದುವುದು. ಒಮ್ಮೆ ಎಣ್ಣೆ ಗಾಣಕ್ಕೆ ಬೆಂಕಿ ಬಿದ್ದಾಗ ಮೂರನೇ ಬೆರಳು ಮಡಚುವ ಮೊದಲೇ ಊದಿಬಿಟ್ಟರು. ಗೋಡೆ ಬಿದ್ದು ನಮ್ಮ ಇಬ್ಬರು ಹುಡುಗರು ಸತ್ತರು. ಅವರು ಆ ದಿನವೇ ಸೀಟಿ ಬಿಚ್ಚಿಟ್ಟು ಮನೆಗೆ ಹೋದರು, ಮತ್ತೆ ಠಾಣೆಯ ಕಡೆ ಮುಖ ಹಾಕಲಿಲ್ಲ. ಆಮೇಲೆ ಫಾರ್ಮು ಬಂತು. ಮೊದಲು ಹತ್ತೇ ಪ್ರಶ್ನೆ, ಅದರಲ್ಲಿ ಒಂದು ಗೋಡೆಯ ಬಗ್ಗೆ. ಒಳ್ಳೆಯ ಪ್ರಶ್ನೆಯೇ. ಮುಂದೆ ಯಾರೋ ಕರೆಂಟು ಹೊಡೆದು ಸತ್ತರು, ಒಂದು ಪ್ರಶ್ನೆ. ಬಾವಿ ಇದೆ ಎಂದು ಗೊತ್ತಿಲ್ಲದೆ ಯಾರೋ ಬಿದ್ದರು, ಇನ್ನೊಂದು ಪ್ರಶ್ನೆ. ಪ್ರತಿ ಪ್ರಶ್ನೆಯ ಹಿಂದೆ ಒಂದು ಹೆಣ ಇದೆ, ಹಾಗಾಗಿ ಯಾವುದನ್ನೂ ತೆಗೆಯಲು ಬಾಯಿ ಬರುವುದಿಲ್ಲ. ಹತ್ತೊಂಬತ್ತರಿಂದ ಇಪ್ಪತ್ತಾರರ ತನಕದ ಪ್ರಶ್ನೆಗಳ ಹಿಂದೆ ಮಾತ್ರ ಹೆಣವೂ ಇಲ್ಲ, ಏನೂ ಇಲ್ಲ. ಊರಿನ ಜನರೇ ಅರ್ಜಿ ಕೊಟ್ಟು ನಡುವೆ ಸೇರಿಸಿದ್ದು. ಪ್ರಶ್ನೆ ಹೆಚ್ಚಾದಷ್ಟೂ ಸಾಮಾನು ಹೊರಗೆ ಹಾಕಲು ಹೊತ್ತು ಸಿಗುತ್ತದಲ್ಲ. ಸುತ್ತ ದೊಡ್ಡ ಮರಗಳಿವೆಯೇ, ಇದ್ದರೆ ಎಷ್ಟು, ಯಾವ ಜಾತಿ. ಇದು ಇಪ್ಪತ್ತೊಂದನೇ ಪ್ರಶ್ನೆ. ಬೆಂಕಿ ನಂದಿಸುವವನಿಗೆ ಮರದ ಜಾತಿ ಯಾತಕ್ಕೆ ಬೇಕು ಎಂದು ಒಬ್ಬರಾದರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ದುಂಡಗೆ ಬರೆದುಕೊಂಡೆ.

ಈಗಿನ ಸಾಹೇಬರು ಗುರುಪಾದ ಕೋರಿ. ಎರಡು ವರ್ಷದ ಹಿಂದೆ ಬಂದವರು. ಕೆಟ್ಟ ಮನುಷ್ಯ ಅಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು. ಕೆಟ್ಟವರಾಗಿದ್ದರೆ ಮನಸ್ಸಿಗೆ ಬಂದ ಹಾಗೆ ಬೈದು ಹಗುರಾಗಬಹುದಿತ್ತು. ಠಾಣೆಯ ಹುಡುಗರ ಮಕ್ಕಳಿಗೆ ಹುಷಾರಿಲ್ಲದಿದ್ದರೆ ತಾವೇ ಆಸ್ಪತ್ರೆಗೆ ಕರೆದೊಯ್ಯುವವರು. ಆದರೆ ಗಾಣದ ಗೋಡೆಯ ಕತೆ ಕೇಳಿದ ದಿನದಿಂದ ಅವರಿಗೆ ಸೀಟಿ ಬಾಯಿಗಿಡಲು ಹೆದರಿಕೆ. ಫಾರ್ಮು ಅವರಿಗೆ ಊರುಗೋಲು. ನಲವತ್ತೊಂದಕ್ಕೂ ಉತ್ತರ ಬರೆಸಿದ ಮೇಲೆ ಏನೇ ಆದರೂ ತಪ್ಪು ತಮ್ಮದಲ್ಲ ಎಂಬ ಧೈರ್ಯ.

ಇನ್ನು ಜೈತುನ್‌ಬಿ. ಪೇಟೆಯ ಮೂಲೆಯಲ್ಲಿ ಅವಳದೂ ಅವಳ ಗಂಡ ದಾವಲಸಾಬನದೂ ಗಾದಿ ಅಂಗಡಿ. ಕೆಳಗೆ ಹತ್ತಿ ಹಿಂಜುವ ಯಂತ್ರ, ಮೇಲೆ ಮಾಳಿಗೆಯಲ್ಲಿ ಹತ್ತಿ ತುರುಕಿದ ದೊಡ್ಡ ಮೂಟೆಗಳು, ಅಂಡಿಗೆ ಎನ್ನುತ್ತೇವೆ, ಮತ್ತು ಗಾದಿ ಹೊಲಿಯುವ ಜಾಗ. ಅವರ ಹಿರಿಯರು ಬಿಲ್ಲು ಹಿಡಿದು ಮನೆ ಮನೆಗೆ ಹೋಗಿ ಹತ್ತಿ ಹಿಂಜುತ್ತಿದ್ದವರು, ಇವರ ಕಾಲಕ್ಕೆ ಯಂತ್ರ ಬಂತು. ಊರಲ್ಲಿ ಅವಳು ಹೊಲಿದ ಗಾದಿಯ ಮೇಲೆ ಮಲಗದವರು ಕಡಿಮೆ. ನನ್ನ ಮಗಳು ಹುಟ್ಟಿದಾಗ ತೊಟ್ಟಿಲಿಗೆ ಅಂಗೈ ದಪ್ಪದ ಗಾದಿ ಹೊಲಿದು ತಂದು, "ಇದಕ್ಕ ಕೂಸಿನ ಉಚ್ಚಿ ಹೀರೂ ಹತ್ತಿ ಹಾಕೀನಿ ನೋಡು ನೀಲಾ, ದಿನಾ ಬಿಸಲಿಗೆ ಹಾಕ ಮತ್ತ" ಎಂದು ಹೇಳಿ ಕೊಟ್ಟವಳು. ನಾನು ಅಕ್ಕ ಎನ್ನುತ್ತಿದ್ದೆ, ಅವಳು ತಂಗಿ ಎನ್ನುತ್ತಿದ್ದಳು. ಬಾಯಿ ಜೋರು. ಗಾದಿ ಒಯ್ದವರು ಮಳೆಯಲ್ಲಿ ನೆನೆಸಿದರೆ ಅವರ ಮನೆ ಬಾಗಿಲಿಗೇ ಹೋಗಿ ಬೈದು ಬರುವಷ್ಟು ಜೋರು.

ಅವತ್ತು ಬುಧವಾರ. ದಾವಲಸಾಬ ಒಂದು ಮದುವೆ ಮನೆಗೆ ಗಾದಿ ಮುಟ್ಟಿಸಲು ಪಕ್ಕದ ಊರಿಗೆ ಹೋಗಿದ್ದ. ಹಿಂಜುವ ಯಂತ್ರದ ಬೆಲ್ಟಿನಿಂದ ಕಿಡಿ ಹಾರಿ ಕೆಳಗಿನ ಹತ್ತಿಗೆ ಹತ್ತಿಕೊಂಡಿತು. ಅಲ್ಲಿಂದ ಕಟ್ಟಿಗೆಯ ಮೆಟ್ಟಿಲು ಹಿಡಿಯಿತು. ಜೈತುನ್‌ಬಿ ಮಾಳಿಗೆಯ ಮೇಲೆ ಒಬ್ಬಳೇ ಹೊಲಿಯುತ್ತಿದ್ದಳು. ನಾವು ಮುಟ್ಟಿದಾಗ ಬೆಳಿಗ್ಗೆ ಹನ್ನೊಂದು ಹೊಡೆದು ಹತ್ತು ನಿಮಿಷ. ಕೋರಿ ಸಾಹೇಬರು ಇಳಿದರು, ಉರಿ ಅಂಗಡಿಯ ಬಾಗಿಲ ತುಂಬ ನಿಂತುಬಿಟ್ಟಿತು. ಬೀದಿಯ ಜನ ಉಸಿರು ಬಿಟ್ಟರು. ಯಾರೋ ಕುರ್ಚಿ ತಂದರು.

ಮಾಳಿಗೆಗೆ ಬೀದಿಯ ಕಡೆ ಒಂದು ಸಣ್ಣ ಕಿಟಕಿ, ಕಬ್ಬಿಣದ ಸರಳಿನದು. ಜೈತುನ್‌ಬಿ ಸರಳು ಹಿಡಿದು ನಿಂತಿದ್ದಳು. ನನ್ನನ್ನು ನೋಡಿದ ಕೂಡಲೇ ಶುರು ಮಾಡಿದಳು.

"ನೀಲಾ, ಕೇಳಿಲ್ಲೆ. ಮ್ಯಾಲ ನಾ ಒಬ್ಬಾಕಿನ ಅದೀನಿ. ಮೆಟ್ಟಲಾ ಪೂರಾ ಉರಿ ಹಿಡದೈತಿ, ಇಳಿಯಾಕ ಬರೂದಿಲ್ಲ. ಹಿಂದ ಸಂದ್ಯಾಗ ಅಂಡಿಗಿ ಏರಸೂ ಬಾಗ್ಲಾ ಐತಿ, ಏರಿಸಿದವ್ರು ಇಳಿಯೂ ಮುಂದ ಹೊರಗಿಂದ ಅಗಳಿ ಹಾಕ್ಯಾರ. ನಿಮ್ಮ ಗಾಡಿ ಮ್ಯಾಲಿನ ಉದ್ದನ ಏಣಿ ಹಚ್ಚಿ ಅಗಳಿ ತಗೀರಿ, ನಾ ಇಳದ ಬರ್ತೀನಿ. ಬರಕೋ."

ಏನಾಗಿದೆ, ಏನಾಗಬೇಕು, ಹೇಗೆ ಮಾಡುವುದು. ಯಲಗೂರಪ್ಪನವರ ಮೂರೂ ಬೆರಳು ಅವಳು ಒಂದೇ ಉಸಿರಿನಲ್ಲಿ ಮಡಚಿದ್ದಳು. ಬೆಂಕಿಯ ಒಳಗೆ ನಿಂತುಕೊಂಡು, ಹೊರಗೆ ನಿಂತ ನಮಗಿಂತ ಚೊಕ್ಕವಾಗಿ ಯೋಚನೆ ಮಾಡಿದ್ದಳು. ಇನ್ನೇನು ಬೇಕಾಗಿತ್ತು ಹೇಳಿ. ಏಣಿಯ ಹುಡುಗ ಲಾಯಪ್ಪ ಆಗಲೇ ಗಾಡಿಯ ಹಗ್ಗಕ್ಕೆ ಕೈ ಹಾಕಿದ್ದ. ಕೋರಿ ಸಾಹೇಬರು ಅವನನ್ನು ನೋಡಿ, "ತಡಿಯೋ. ಏಣಿ ಮೂವತ್ನಾಲ್ಕರಾಗ ಬರ್ತೈತಿ" ಎಂದರು. ನನ್ನ ಕಡೆ ತಿರುಗಿ, "ಓದ್ರಿ ನೀಲಗಂಗಾ" ಎಂದರು. ನಾನು ಓದಿದೆ. ಪ್ರಶ್ನೆ ಒಂದು, ತಾರೀಖು. ಪ್ರಶ್ನೆ ಎರಡು, ಜಾಗದ ಹೆಸರು. ಜೈತುನ್‌ಬಿ ಹೇಳಿದ್ದರಲ್ಲಿ ಒಂದಕ್ಷರವನ್ನೂ ನಾನು ಬರೆದುಕೊಳ್ಳಲಿಲ್ಲ. ಒಳಗಿದ್ದವರ ಸಂಖ್ಯೆ ಇಪ್ಪತ್ತೇಳರಲ್ಲಿ ಬರುತ್ತದೆ, ಹೊರಗೆ ತರಲು ಗೊತ್ತುಮಾಡಿದ ದಾರಿ ಮೂವತ್ತೊಂದರಲ್ಲಿ. ಅದಕ್ಕೂ ಮೊದಲು ಬರೆದರೆ ಹೊಡೆದು ಹಾಕಬೇಕಾಗುತ್ತದೆ, ಫಾರ್ಮು ಹೊಲಸಾಗುತ್ತದೆ.

ಬೀದಿಯ ಜನ ಏನು ಮಾಡುತ್ತಿದ್ದರು ಎಂದು ನೀವು ಕೇಳಬಹುದು. ನೋಡುತ್ತಿದ್ದರು. "ಉರಿ ನಿಂತೈತಲ್ಲ, ಅಕೀಗೇನ ಆಗ್ತೈತಿ" ಎಂದು ಒಬ್ಬ. "ಮ್ಯಾಲ ಕುಂತ ಇನ್ನೊಂದ ಗಾದಿ ಹೊಲದ ಬಿಡವಾ ಜೈತುನಬಿ, ಸಾಹೇಬ್ರ ಬರಿಯೂದು ಮುಗಿಯೂದ್ರಾಗ ಆಗ್ತೈತಿ" ಎಂದು ಇನ್ನೊಬ್ಬ. ಜನ ನಕ್ಕರು. ನಿಂತ ಬೆಂಕಿಯನ್ನು ಮೂರು ತಲೆಮಾರಿನಿಂದ ನೋಡಿದವರು ನಾವು. ಉರಿ ನಿಂತಿತೆಂದರೆ ಎಲ್ಲವೂ ನಿಂತಿತು ಎಂದೇ ನಮ್ಮ ಲೆಕ್ಕ. ಒಳಗಿದ್ದವರು ಉಸಿರಾಡುತ್ತಲೇ ಇರಬೇಕಾಗುತ್ತದೆ ಎಂಬುದು ಅಷ್ಟು ದೊಡ್ಡ ಫಾರ್ಮಿನಲ್ಲಿ ಎಲ್ಲಿಯೂ ಇಲ್ಲ.

ಪ್ರಶ್ನೆ ಒಂಬತ್ತು: ನಿರ್ಧಾರ ಮಾಡುವವರ ಮನಸ್ಸು ಶಾಂತವಾಗಿದೆಯೇ? ಕೋರಿ ಸಾಹೇಬರು ಕಣ್ಣು ಮುಚ್ಚಿದರು. ಹಾಗೆ ಮಾಡಬೇಕೆಂದು ಅವರಿಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರಂತೆ. ಉಸಿರು ಎಳೆದು, ಬಿಟ್ಟು, ಮತ್ತೆ ಎಳೆದು, ನಿಧಾನಕ್ಕೆ ಕಣ್ಣು ತೆರೆದರು. "ಶಾಂತ ಐತಿ ಅಂತ ಬರೀರಿ" ಎಂದರು. ಬರೆದೆ.

ಆ ಹೊತ್ತಿಗೆ ಕಿಟಕಿಯಿಂದ ಎರಡನೆಯ ಸಲ ಕೂಗು ಬಂತು. ಈ ಸಲ ನನಗಲ್ಲ, ನೇರ ಸಾಹೇಬರಿಗೇ.

"ಸಾಹೇಬ್ರ, ಉರಿ ನಿಂತೈತಿ ಖರೆ, ಹತ್ತಿ ನಿಂತಿಲ್ರಿ. ಒಳಗೊಳಗ ಸುಡಾಕ ಹತ್ತೈತಿ. ಹತ್ತಿಗಿ ಉರಿ ಬೇಕಾಗೂದಿಲ್ರಿ, ಕೆಂಡ ಆತಂದ್ರ ಸಾಕು. ಹೊಗಿ ಮ್ಯಾಲ ಬರಾಕ ಹತ್ತೈತ್ರಿ."

ಹತ್ತಿಯ ಜೊತೆ ಹುಟ್ಟಿ ಬೆಳೆದವಳು ಹೇಳಿದ ಮಾತು ಅದು. ನಮ್ಮ ಊರಿನಲ್ಲಿ ನಿಲ್ಲುವುದು ಉರಿ, ಕೆಂಡ ಅಲ್ಲ. ಹತ್ತಿಯ ಅಂಡಿಗೆಗೆ ಕಿಡಿ ತಾಕಿದರೆ ಮೇಲೆ ಉರಿಯೇ ಕಾಣದೆ ಹೊಟ್ಟೆಯೊಳಗೆ ಗಂಟೆಗಟ್ಟಲೆ ಸುಡುತ್ತದೆ, ಹೊಗೆ ಕಕ್ಕುತ್ತದೆ. ಆ ಕೆಂಡಕ್ಕೆ ಸಾಹೇಬರ ಪರಿವೆಯೂ ಇಲ್ಲ, ಸೀಟಿಯ ಪರಿವೆಯೂ ಇಲ್ಲ. ಇದನ್ನು ತಿಳಿದವಳು ಅಷ್ಟು ಜನರಲ್ಲಿ ಅವಳೊಬ್ಬಳೇ. ಅವಳ ಮಾತನ್ನು ಕೇಳಿಸಿಕೊಳ್ಳಲು ಇದ್ದವರು ಇನ್ನೂರು ಜನ. ಕೋರಿ ಸಾಹೇಬರು ಎದ್ದು ನಿಂತು, ಬಹಳ ಮರ್ಯಾದೆಯಿಂದ, "ಗಾಬರಿ ಆಗಬ್ಯಾಡ್ರಿ ತಾಯಿ. ಬೆಂಕಿ ನಿಂತೈತಿ. ನಿಮ್ಮ ಸಲುವಾಗೇ ಇಷ್ಟೆಲ್ಲಾ ಬರಿಯಾಕ ಹತ್ತೀವಿ" ಎಂದರು. ಕೂತರು. ಚಹಾದ ಬಟ್ಟಲು ಕೈಗೆತ್ತಿಕೊಂಡರು.

ಪ್ರಶ್ನೆ ಹನ್ನೆರಡು, ಗಾಳಿಯ ದಿಕ್ಕು. ಕರವಸ್ತ್ರ ಎತ್ತಿ ಹಿಡಿದು ನೋಡಿದರು. ಪಶ್ಚಿಮದಿಂದ ಎಂದರು, ಆಮೇಲೆ ಅನುಮಾನ ಬಂದು ನೈಋತ್ಯ ಎಂದರು. ಇನ್ನೂ ಸ್ವಲ್ಪ ಹೊತ್ತಿಗೆ ನಾನು ಮೇಲೆ ನೋಡಿದಾಗ ಕಿಟಕಿಯಲ್ಲಿ ಜೈತುನ್‌ಬಿ ಇರಲಿಲ್ಲ. ಸರಳಿನ ನಡುವೆ ತೆಳ್ಳಗೆ ಹೊಗೆ ಬರುತ್ತಿತ್ತು. ಕೋರಿ ಸಾಹೇಬರೂ ನೋಡಿದರು. "ನೋಡ್ರಿ, ಸಮಾಧಾನ ಆದ್ರು" ಎಂದರು.

ಸಮಾಧಾನ. ಆ ಮಾತನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಹಲ್ಲು ಕಟಕಟ ಅನ್ನುತ್ತವೆ. ಹದಿನೇಳು, ಹತ್ತಿರದ ಶಾಲೆ ಯಾವುದು. ಇಪ್ಪತ್ತೊಂದು, ಮರಗಳು. ಒಂದು ಬೇವು, ಒಂದು ಬಸರಿ. ಬಸರಿಯೋ ಅರಳಿಯೋ ಎಂದು ಬೀದಿಯವರಲ್ಲಿ ವಾದ ಹತ್ತಿತು, ನಾಲ್ಕು ಜನ ಹೋಗಿ ಎಲೆ ಹರಿದು ತಂದರು. ಇಪ್ಪತ್ತಾರು, ಬದಲಿ ದಾರಿಗಳು ಮೂರು ಬರೆಯತಕ್ಕದ್ದು. ಒಂದು ದಾರಿಯನ್ನು ಅವಳೇ ಹೇಳಿದ್ದಳು, ಉಳಿದೆರಡು ಎಲ್ಲಿಂದ ತರುವುದು? ಮಾಡು ಒಡೆದು ಇಳಿಯುವುದು, ಪಕ್ಕದ ಗೋಡೆ ಕೊರೆಯುವುದು ಎಂದು ಸಾಹೇಬರು ಹುಟ್ಟಿಸಿಕೊಂಡು ಹೇಳಿದರು. ಆ ಎರಡೂ ಯಾಕೆ ಬೇಡ ಎಂಬುದನ್ನೂ ಬರೆಸಿದರು. ಲಾಯಪ್ಪ ಎರಡು ಸಲ ನನ್ನ ಹತ್ತಿರ ಬಂದು, "ಅಕ್ಕಾರ, ಲಗೂ ಓದ್ರಿ, ಹೊಗಿ ಜಾಸ್ತಿ ಆತು" ಎಂದು ಪಿಸುಗುಟ್ಟಿದ. ನಾನು ಲಗುವಾಗಿಯೇ ಓದಿದೆ. ಉತ್ತರ ಲಗುವಾಗಿ ಬರಬೇಕಲ್ಲ. ಫಾರ್ಮನ್ನು ಹರಿದು ಅವರ ಮುಖದ ಮೇಲೆ ಒಗೆಯಬೇಕಿತ್ತು ಎಂದು ನೀವು ಅನ್ನಬಹುದು. ನಾನೂ ದಿನಾ ಅಂದುಕೊಳ್ಳುತ್ತೇನೆ. ಆಗ ಅನ್ನಿಸಲಿಲ್ಲ. ಆಗ ನನಗೆ ಅನ್ನಿಸಿದ್ದು ಇನ್ನು ಹದಿನೈದೇ ಪ್ರಶ್ನೆ ಉಳಿದಿವೆ ಎಂದು.

ಹನ್ನೆರಡು ಇಪ್ಪತ್ತೆರಡಕ್ಕೆ ಸಹಿ ಬಿತ್ತು, ಸೀಟಿ ಆಯಿತು. ಎಲ್ಲ ಬರೆದು ಯೋಚಿಸಿ ಕೋರಿ ಸಾಹೇಬರು ಕೊಟ್ಟ ಅಪ್ಪಣೆ ಏನು ಗೊತ್ತೇ? ಹಿಂದಿನ ಸಂದಿಗೆ ಏಣಿ ಹಚ್ಚಿ ಅಗಳಿ ತೆಗೆಯಿರಿ. ಜೈತುನ್‌ಬಿ ಹನ್ನೊಂದು ಹತ್ತಕ್ಕೆ ಹೇಳಿದ್ದನ್ನು ನಾವು ಎಪ್ಪತ್ತೆರಡು ನಿಮಿಷ ಯೋಚನೆ ಮಾಡಿ ಕಂಡುಹಿಡಿದಿದ್ದೆವು. ಲಾಯಪ್ಪ ಓಡಿ ಹೋಗಿ ಏಣಿ ಹಚ್ಚಿ, ಹತ್ತಿ, ಅಗಳಿ ತೆಗೆಯಲು ಹಿಡಿದದ್ದು ನಾಲ್ಕು ನಿಮಿಷ. ನಾಲ್ಕೇ ನಿಮಿಷ. ಬಾಗಿಲು ತೆರೆದ ಕೂಡಲೇ ಅವಳು ಅವನ ಹೆಗಲ ಮೇಲೆ ಬಿದ್ದಳು. ಬಾಗಿಲಿಗೆ ಒರಗಿಯೇ ಕೂತಿದ್ದಳಂತೆ. ಮೈ ಮೇಲೆ ಒಂದು ಸುಟ್ಟ ಗಾಯವಿರಲಿಲ್ಲ, ಸೀರೆಯ ಸೆರಗು ಕೂಡ ಕಪ್ಪಾಗಿರಲಿಲ್ಲ. ಹೊಗೆ ಕುಡಿದು ಸತ್ತಿದ್ದಳು.

ದಾವಲಸಾಬ ಬಂದಾಗ ಅವಳನ್ನು ಬೇವಿನ ಮರದ ಕೆಳಗೆ, ಅವಳೇ ಹೊಲಿದ ಯಾರದೋ ಮನೆಯ ಗಾದಿಯ ಮೇಲೆ ಮಲಗಿಸಿದ್ದರು. ಅವನು ಪಕ್ಕದಲ್ಲಿ ಕೂತು ಅವಳ ಕೂದಲಿಗೆ ಅಂಟಿದ್ದ ಹತ್ತಿಯ ಎಳೆಗಳನ್ನು ಒಂದೊಂದಾಗಿ ತೆಗೆಯುತ್ತಿದ್ದ. ಸಂಜೆಯ ತನಕ ತೆಗೆಯುತ್ತಲೇ ಇದ್ದ.

ಹನ್ನೆರಡನೇ ದಿನಕ್ಕೆ ವಿಚಾರಣೆ. ಮೇಲಿನಿಂದ ಇನಾಮದಾರ ಎಂಬ ಅಧಿಕಾರಿ ಬಂದರು. ಪುರಸಭೆಯ ಸಭಾಭವನದಲ್ಲಿ ಮೇಜು ಹಾಕಿದ್ದರು. ಒಂದು ಕಡೆ ಕೋರಿ ಸಾಹೇಬರು, ಲಾಯಪ್ಪ. ಇನ್ನೊಂದು ಕಡೆ ದಾವಲಸಾಬ ಒಬ್ಬನೇ. ಹಿಂದೆ ಊರಿನ ಜನ. ನನ್ನ ಅಕ್ಷರ ದುಂಡಗಿದೆಯಲ್ಲ, ಹಾಗಾಗಿ ವಿಚಾರಣೆಯ ವರದಿ ಬರೆದುಕೊಳ್ಳಲು ನನ್ನನ್ನೇ ಕೂಡಿಸಿದ್ದರು.

ಇನಾಮದಾರರು ಫಾರ್ಮನ್ನು ಮೊದಲಿನಿಂದ ಕೊನೆಯ ತನಕ ಓದಿದರು. "ಒಂದು ಅಕ್ಷರ ಹೊಡೆದು ಹಾಕಿಲ್ಲ, ಒಂದು ಜಾಗ ಖಾಲಿ ಇಲ್ಲ. ಇಷ್ಟು ಅಚ್ಚುಕಟ್ಟಾದ ಫಾರ್ಮನ್ನು ನಾನು ನೋಡಿಲ್ಲ" ಎಂದರು. ಕೋರಿ ಸಾಹೇಬರು ತಲೆ ತಗ್ಗಿಸಿ ಕೂತಿದ್ದರು. ಆ ಹನ್ನೆರಡು ದಿನದಲ್ಲಿ ಅವರು ಇಳಿದುಹೋಗಿದ್ದರು, ಅದನ್ನೂ ಇದ್ದದ್ದು ಇದ್ದ ಹಾಗೆ ಹೇಳಬೇಕು.

ಲಾಯಪ್ಪನನ್ನು ಕೇಳಿದರು. ಹೆಣ ಎಲ್ಲಿ ಸಿಕ್ಕಿತು, ಕಿಟಕಿಯಿಂದ ಅದು ಎಷ್ಟು ದೂರ. ಅವನು ಇಪ್ಪತ್ತು ಹೆಜ್ಜೆ ಎಂದ. ಕಿಟಕಿಯ ಹತ್ತಿರ ಹೊರಗಿನ ಗಾಳಿ ಬರುತ್ತಿತ್ತೇ? ಬರುತ್ತಿತ್ತು ಎಂದ. ಇನಾಮದಾರರು ಕನ್ನಡಕ ತೆಗೆದು ಒರೆಸಿಕೊಂಡು ನನಗೆ ಹೇಳಿ ಬರೆಸತೊಡಗಿದರು. "ಬರೆಯಿರಿ. ಅಧಿಕಾರಿಯು ಎಲ್ಲ ಪ್ರಶ್ನೆಗಳನ್ನೂ ಕ್ರಮವಾಗಿ ಪೂರೈಸಿದ್ದು ಕಂಡುಬಂದಿದೆ. ಮೃತ ಮಹಿಳೆ ಗಾಳಿ ಬರುತ್ತಿದ್ದ ಕಿಟಕಿಯ ಬಳಿ ಇದ್ದಿದ್ದರೆ ಬದುಕುಳಿಯುವ ಸಾಧ್ಯತೆ ಇತ್ತು. ಆಕೆ ಗಾಬರಿಗೊಂಡು, ಯಾರೂ ಹೇಳದಿದ್ದರೂ, ತಾನಾಗಿ ಆ ಜಾಗ ಬಿಟ್ಟು ಹೋದದ್ದೇ ಸಾವಿಗೆ ಕಾರಣ. ಇನ್ನು ಮುಂದೆ ಇಂಥದ್ದು ಆಗದಂತೆ ಫಾರ್ಮಿಗೆ ನಲವತ್ತೆರಡನೆಯ ಪ್ರಶ್ನೆ ಸೇರಿಸತಕ್ಕದ್ದು. ಒಳಗಿರುವವರು ಇದ್ದ ಜಾಗ ಬಿಟ್ಟು ಕದಲಬಾರದೆಂದು ಅವರಿಗೆ ಸೂಚನೆ ನೀಡಲಾಗಿದೆಯೇ?"

ಸತ್ತವಳ ತಲೆಯ ಮೇಲೇ ಹಾಕಿದರು. ಇನ್ನೂರು ಜನರ ನಡುವೆ ತಲೆ ನೆಟ್ಟಗಿಟ್ಟುಕೊಂಡಿದ್ದ ಒಬ್ಬಳೇ ಒಬ್ಬ ಹೆಂಗಸನ್ನು ಗಾಬರಿಯಾದವಳು ಎಂದು ಕಾಗದಕ್ಕೆ ಹತ್ತಿಸಿದರು. ನನ್ನ ಕೈಯಲ್ಲೇ ಹತ್ತಿಸಿದರು. ಹಿಂದೆ ಕೂತ ಜನ ಹೌದಲ್ಲ, ಕಿಟಕಿ ಯಾಕೆ ಬಿಟ್ಟಳೋ ಏನೋ ಎಂದು ಗುಜುಗುಜು ಮಾತಾಡಿದರು. ಇನಾಮದಾರರು ದಾವಲಸಾಬನ ಕಡೆ ನೋಡಿ, "ನಿಮ್ಮದು ಏನಾದರೂ ಹೇಳುವುದಿದೆಯೇ?" ಎಂದರು.

ಅವನು ಎದ್ದು ನಿಂತ. ಟೋಪಿ ಕೈಯಲ್ಲಿ ಹಿಡಿದಿದ್ದ. "ಹೇಳೂದೇನಿಲ್ರಿ. ಒಂದ ಕೇಳೂದೈತಿ" ಎಂದ. "ನಮ್ಮಾಕಿ ಗಾಬರಿ ಆಗೂ ಪೈಕಿ ಅಲ್ರಿ. ಹತ್ತ್ಯಾಗಿನ ಹೊಗಿ ಅಂದ್ರ ಏನಂತ ನನಗಿಂತ ಅಕೀಗೇ ಚಲೋ ಗೊತ್ತಿತ್ತು. ಕಿಡಕಿ ಬಿಡಬಾರ್ದಂತನೂ ಗೊತ್ತಿತ್ತು. ಹನ್ನೆರಡ ದಿನದಿಂದ ಅದನ್ನ ವಿಚಾರ ಮಾಡಾಕ ಹತ್ತೀನಿ, ತಿಳಿವಲ್ದು. ಅಕೀ ಕಿಡಕಿ ಯಾಕ ಬಿಟ್ಲು? ಅಲ್ಲಿದ್ದವರು ಯಾರಿಗರ ಗೊತ್ತಿದ್ರ ಹೇಳ್ರಿ."

ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಇಲ್ಲಿಯ ತನಕ ಎಲ್ಲರನ್ನೂ ಬೈದುಕೊಂಡು ಬಂದೆ. ಕೋರಿ ಸಾಹೇಬರನ್ನು, ಬೀದಿಯ ಜನರನ್ನು, ಫಾರ್ಮು ಮಾಡಿದವರನ್ನು. ಒಂದು ಮಾತನ್ನು ಮಾತ್ರ ನುಂಗಿಕೊಂಡೇ ಬಂದಿದ್ದೇನೆ. ಪೆನ್ನು ಕೆಳಗಿಟ್ಟು ಎದ್ದು ನಿಂತೆ.

"ದಾವಲಸಾಬಣ್ಣ, ನಾ ಹೇಳ್ತೀನಿ" ಎಂದೆ. "ಅಕ್ಕ ಎರಡ ಸಲ ಅಲ್ಲ, ಮೂರ ಸಲ ಮಾತಾಡಿದ್ಲು. ಮೂರನೇ ಸಲ ಕೂಗಲಿಲ್ಲ. ನಾ ಕಿಡಕಿ ಬುಡಕ ನಿಂತ ಗಾಳಿ ದಿಕ್ಕ ಬರಿಯಾಕ ಹತ್ತಿದ್ದೆ. ಮ್ಯಾಲಿಂದ ನನಗಷ್ಟ ಕೇಳೂಹಂಗ, ತಂಗಿ, ನಾ ಹೇಳಿದ್ದ ಬರಕೊಂಡ್ಯೇನ ಅಂತ ಕೇಳಿದ್ಲು. ನಾ ತಲೀ ಎತ್ತಲಿಲ್ಲ. ಹೂಂ ಅಕ್ಕಾ, ಬರಕೊಂಡೀನಿ, ಏಣಿ ಬರ್ತೈತಿ ಅಂದೆ. ಬರಕೊಂಡಿರಲಿಲ್ಲ. ಅಕೀ ಸುಮ್ಮನಿದ್ರ ಸಾಕಾಗಿತ್ತು ನನಗ. ಫಾರ್ಮ ತಪ್ಪಬಾರದಾಗಿತ್ತು."

ದಾವಲಸಾಬ ನನ್ನನ್ನೇ ನೋಡುತ್ತಿದ್ದ.

"ಅದಕ್ಕ ಅಕೀ ಏನಂದ್ಲು?" ಎಂದು ಕೇಳಿದ.

"ಹಂಗಾರ ನಾ ಬಾಗ್ಲ ಕಡೆ ಹೋಗಿರ್ತೀನಿ, ತಗದ ಕೂಡ್ಲೆ ಇಳೀತೀನಿ ಅಂದ್ಲಣ್ಣ. ಅಂದು ಕಿಡಕಿ ಬಿಟ್ಲು."

ಅವನು ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ನಾನು ಬದುಕುತ್ತಿದ್ದೆ. ಅವನು ಟೋಪಿಯ ಅಂಚನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿದ. "ಅಂದ್ರ ನೀ ಹೇಳಿದ್ದನ್ನ ನಂಬಿ ಹೋದ್ಲು" ಎಂದ. ಪ್ರಶ್ನೆಯಲ್ಲ, ತನಗೆ ತಾನೇ ಹೇಳಿಕೊಂಡ ಹಾಗೆ. ಆಮೇಲೆ ಮೇಜಿನ ಹತ್ತಿರ ಬಂದು, ನಾನು ಬರೆದ ಹಾಳೆಯ ಮೇಲೆ ಬೆರಳಿಟ್ಟ. ಓದಲು ಬಾರದವನು, ಬೆರಳು ಎಲ್ಲೋ ನಡುವೆ ಬಿತ್ತು.

"ಇದನ್ನ ಹೊಡದ ಹಾಕು, ತಂಗಿ. ಅಕೀ ಹೇಳಿದ್ದನ್ನ ಈಗರ ಬರಿ."

"ಅಮ್ಮಾ, ವರದಿಯಲ್ಲಿ ಅದಕ್ಕೆ ಕಾಲಂ ಇಲ್ಲ" ಎಂದು ಇನಾಮದಾರರು ಹೇಳುತ್ತಿದ್ದರು. ನಾನು ಹಾಳೆಯ ಮೇಲಿನಿಂದ ಕೆಳಗಿನ ತನಕ ಅಡ್ಡಗೆರೆ ಎಳೆದೆ. ಹೊಸ ಹಾಳೆ ತೆಗೆದುಕೊಂಡು ಬರೆದೆ. ಅಕ್ಷರ ಸೊಟ್ಟಸೊಟ್ಟ ಬಿದ್ದವು, ಬೀಳಲಿ ಎಂದು ಬಿಟ್ಟೆ. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಜೈತುನ್‌ಬಿ ನಿರ್ಧಾರ ಹೇಳಿದಳು: ಹಿಂದಿನ ಸಂದಿಗೆ ಏಣಿ ಹಚ್ಚಿ, ಅಗಳಿ ತೆಗೆಯಿರಿ. ಬರೆದುಕೊಂಡಿದ್ದೇನೆ ಎಂದು ಅವಳಿಗೆ ಸುಳ್ಳು ಹೇಳಿ ಕಿಟಕಿ ಬಿಡಿಸಿದವಳು ನಾನು. ಕೆಳಗೆ ನನ್ನ ಹೆಸರು ಬರೆದೆ.